ಕುದುರೆಯ ಬೆನ್ನಿನ ಖಾಲಿ ಜಾಗ

ಇದು ನಿಜವಾಗಿ ನಡೆದದ್ದು. ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ನಾನೇ ಇಂಥದ್ದನ್ನೆಲ್ಲ ನಂಬುವವಳಲ್ಲ. ರಾಹುಕಾಲದಲ್ಲಿ ಹೊಸ ಕಾರು ತಂದು ಅತ್ತೆಯಿಂದ ಬೈಸಿಕೊಂಡವಳು. ಆದರೆ ಈಗ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲ ದೀಪಗಳನ್ನೂ ಹಾಕಿಕೊಂಡು ಕೂತು ಬರೆಯುತ್ತಿದ್ದೇನೆ.

ನಮ್ಮ ಮಗಳು ದಿಯಾಗೆ ಹನ್ನೊಂದು ವರ್ಷ. ಕುದುರೆ ಎಂದರೆ ಪ್ರಾಣ. ಇಲ್ಲೇ ಹತ್ತಿರದ ಲಾಯವೊಂದರಲ್ಲಿ ಪ್ರತಿ ಶನಿವಾರ ಸವಾರಿ ಕಲಿಯುತ್ತಿದ್ದಳು. ಕಳೆದ ಡಿಸೆಂಬರ್ ರಜೆಗೆ ಅಕ್ಕಪಕ್ಕದವರೆಲ್ಲ ಫ್ಲೋರಿಡಾಗೆ ಹೊರಟರೆ ಇವಳದು ಒಂದೇ ಹಟ, ಅರ್ಜೆಂಟೀನಾದಲ್ಲಿ ಕುದುರೆ ದನ ಸಾಕುವ ರಾಂಚ್‌ಗೆ ಹೋಗಿ ಕುದುರೆ ಹತ್ತಬೇಕು. ನನ್ನ ಗಂಡ ಪ್ರಕಾಶ್ ಧಾರವಾಡದವರು. ಬೇರೆಲ್ಲರ ಜೊತೆ ಜಗಳ ಆಡುತ್ತಾರೆ, ಮಗಳು ಹೇಳಿದ್ದಕ್ಕೆ ಮಾತ್ರ ಎರಡು ಮಾತಿಲ್ಲ. ಹೊರಟೆವು.

ಅಲ್ಲಿ ಕಣ್ಣು ಹಾಯುವವರೆಗೂ ಬರೀ ಹುಲ್ಲು. ನಮ್ಮನ್ನು ಸವಾರಿಗೆ ಕರೆದೊಯ್ಯುತ್ತಿದ್ದವಳು ರಾಂಚ್ ಮಾಲೀಕರ ಮಗಳು ವಲೆಂಟಿನಾ. ಪಟಪಟ ಇಂಗ್ಲಿಷ್ ಮಾತಾಡುವ, ಸದಾ ನಗುವ ಹುಡುಗಿ.

ಒಂದು ಮಧ್ಯಾಹ್ನ ಹೊಳೆಯ ಆಚೆಗಿನ ಹಳೇ ಗುಡಿಸಲಿನವರೆಗೆ ಹೋಗಿ, ಸೂರ್ಯ ಮುಳುಗುವುದನ್ನು ನೋಡಿಕೊಂಡು ಬರುವುದು ಎಂದಾಯಿತು. ಅವತ್ತು ಪ್ರತಿ ಕುದುರೆಗೂ ಜೀನಿನ ಹಿಂದೆ ಸುರುಳಿ ಸುತ್ತಿದ ಕುರಿಚರ್ಮ ಕಟ್ಟಿದ್ದರು, ಉಣ್ಣೆ ಸಮೇತ. ದಿಯಾಳ ಕುದುರೆಗೆ ಕಟ್ಟಿದ್ದು ಹೊಸದು. ಹಸಿ ವಾಸನೆ ಗಪ್ಪೆಂದು ಮೂಗಿಗೆ ಬಡಿಯುತ್ತಿತ್ತು. ಮೊಟ್ಟೆಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದವಳು ನಾನು.

"ರೀ, ಇದನ್ನ ಬಿಚ್ಚಿಸಿಬಿಡಿ. ಮಗು ಮೈಗೆ ತಾಗತ್ತೆ."

ಪ್ರಕಾಶ್ ನಕ್ಕರು. "ಮತ್ತ ಜೀನು ಎದರಿಂದ ಮಾಡ್ಯಾರಂತ ತಿಳ್ಕೊಂಡಿ ಸುಮಾ? ಹತ್ತಿ ಅರಬಿಲೇನು?"

"ಅದು ನಾರಲ್ಲ. ಇದು ನಾರತ್ತೆ."

ಬಿಚ್ಚು ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿದಾಗ ವಲೆಂಟಿನಾ ಸ್ವಲ್ಪ ಹಿಂದೆಮುಂದೆ ನೋಡಿದಳು. ಹೊಳೆ ದಾಟಿ ಹೋಗುವವರು, ಕತ್ತಲಾದ ಮೇಲೆ ವಾಪಸು ಬರುವಾಗ, ಸವಾರನ ಹಿಂದೆ ಜಾಗ ಖಾಲಿ ಬಿಡಬಾರದಂತೆ... ತನ್ನ ಅಜ್ಜಿಯ ಕಾಲದ ಪದ್ಧತಿಯಂತೆ. ಹೇಳಿ ತಾನೇ ನಕ್ಕು ಹಗ್ಗ ಬಿಚ್ಚಿದಳು. ಯಾಕೆ ಬಿಡಬಾರದು ಎಂದು ನಾನೂ ಕೇಳಲಿಲ್ಲ.

ಬರುವಾಗ ಹೊಳೆಯ ಹತ್ತಿರ ಪೂರ್ತಿ ಕತ್ತಲಾಗಿತ್ತು. ಮುಂದೆ ವಲೆಂಟಿನಾ, ಅವಳ ಹಿಂದೆ ದಿಯಾ, ಆಮೇಲೆ ನಾನು, ಕೊನೆಗೆ ಪ್ರಕಾಶ್. ಕುದುರೆಗಳ ಮೊಣಕಾಲಿನಷ್ಟು ನೀರು. ಅಲ್ಲಿಯವರೆಗೆ ಕಿವಿ ಕಿತ್ತುಹೋಗುವಂತೆ ವಟಗುಟ್ಟುತ್ತಿದ್ದ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು...

ನಡು ಹೊಳೆಯಲ್ಲಿ ದಿಯಾಳ ಕುದುರೆ ನಿಂತುಬಿಟ್ಟಿತು.

ಅದರ ಹಿಂಗಾಲುಗಳು ಮೆಲ್ಲಗೆ ಕುಸಿದವು. ಯಾರೋ ಬೆನ್ನಿಗೆ ಏರಿ ಕೂತಾಗ ಕುಸಿಯುವ ಹಾಗೆ. ಮತ್ತೆ ಎದ್ದು ನಿಂತಿತು. ಬಹಳ ದಿನ ಒಣಗದ ಕೂದಲಿನಂಥ ಮುಗ್ಗಲು ವಾಸನೆ ಬಂತು.

"ಅಮ್ಮಾ..." ದಿಯಾ ತಿರುಗಿ ನೋಡದೆ ಕರೆದಳು. "ವೈ ಆರ್ ಯು ಹೋಲ್ಡಿಂಗ್ ಮಿ ಸೋ ಟೈಟ್?"

ನಾನು ಅವಳಿಗಿಂತ ಒಂದು ಕುದುರೆಯಷ್ಟು ಹಿಂದಿದ್ದೆ. ನನ್ನ ಎರಡೂ ಕೈ ಲಗಾಮಿನ ಮೇಲಿದ್ದವು.

"ನಾನಿಲ್ಲೇ ಹಿಂದೆ ಇದೀನಿ ಪುಟ್ಟಾ... ನಾನು ಹಿಡ್ಕೊಂಡಿಲ್ಲ."

"ದೆನ್ ಹೂ ಈಸ್?"

ಅವಳದು ಬಿಳಿ ಅಂಗಿ. ಆ ಕತ್ತಲಲ್ಲೂ ಕಾಣುತ್ತಿತ್ತು. ಸೊಂಟದ ಎರಡೂ ಕಡೆ ಬಟ್ಟೆ ಬಿಗಿಯಾಗಿ ಒಳಕ್ಕೆ ಒತ್ತಿಕೊಂಡಿತ್ತು.

"ಏನಾತು? ಯಾಕ ನಿಂತೀರಿ?" ಹಿಂದಿನಿಂದ ಪ್ರಕಾಶ್ ಕೂಗಿದರು.

ವಲೆಂಟಿನಾ ತಿರುಗಿ ಟಾರ್ಚ್ ಬೆಳಕು ಬಿಟ್ಟಳು. ಒಂದೇ ಕ್ಷಣ, ಆರಿಸಿಬಿಟ್ಟಳು. ಅವಳಿಗೆ ಏನು ಕಂಡಿತೋ ಗೊತ್ತಿಲ್ಲ. ಏನೋ ಪ್ರಾರ್ಥನೆ ಗೊಣಗುತ್ತ ದಿಯಾಳ ಕುದುರೆಯ ಲಗಾಮು ಹಿಡಿದು ಎಳೆದಳು. ರಾಂಚ್ ತಲುಪುವವರೆಗೂ ಅದನ್ನು ಬಿಡಲಿಲ್ಲ. ಸಮತಟ್ಟಾದ ದಾರಿ, ಆದರೂ ಆ ಕುದುರೆ ಬೆಟ್ಟ ಹತ್ತುವಂತೆ ಏದುಸಿರು ಬಿಡುತ್ತಿತ್ತು.

ಅಂಗಳದ ದೀಪದ ಕೆಳಗೆ ನಾನು ಓಡಿಹೋಗಿ ದಿಯಾಳನ್ನು ಎಳೆದು ಇಳಿಸಿಕೊಂಡೆ. ಎದೆ, ಹೊಟ್ಟೆ ಬೆಚ್ಚಗಿದ್ದವು. ಬೆನ್ನು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಅವಳು ಇಳಿದದ್ದೇ ತಡ, ಕುದುರೆ ತಲೆಯಿಂದ ಬಾಲದವರೆಗೆ ಜೋರಾಗಿ ಮೈ ಕೊಡವಿತು.

ಮರುದಿನ ವಲೆಂಟಿನಾ ಕೋಣೆಯಿಂದ ಹೊರಗೆ ಬರಲಿಲ್ಲ. ಜ್ವರವಂತೆ. ನಾವು ರಜೆ ಮೊಟಕು ಮಾಡಿ ಹೊರಟಾಗ ಅವಳ ಅಪ್ಪನೇ ವಿಮಾನ ನಿಲ್ದಾಣಕ್ಕೆ ಬಿಟ್ಟ. ಸೂಟ್‌ಕೇಸ್ ಇಳಿಸುವಾಗ ತಗ್ಗಿದ ದನಿಯಲ್ಲಿ ನನ್ನನ್ನು ಒಂದೇ ಮಾತು ಕೇಳಿದ. ಹಿಂದೆ ಹತ್ತಿದ ಭಾರ ಇಳಿದರೆ ಕುದುರೆ ಮೈ ಕೊಡವುತ್ತದೆ. ಅವತ್ತು ಕೊಡವಿದ್ದು ನಿನ್ನ ಮಗಳು ಇಳಿಯುವುದಕ್ಕೆ ಮುಂಚೆಯೋ, ಇಳಿದ ಮೇಲೋ?

ಇಳಿದ ಮೇಲೆ, ಎಂದೆ.

ಅವನು ದಿಯಾಳ ಕಡೆ ನೋಡಿದ. ಹೋಗಿ ಗಾಡಿ ಹತ್ತಿದ.

ಮನೆಗೆ ಬಂದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡೆವು. ಮಾರ್ಚ್‌ನಲ್ಲಿ ಒಂದು ಶನಿವಾರ ಇಲ್ಲಿನ ಲಾಯದಲ್ಲಿ ಸಣ್ಣಗೆ ಮಳೆ ಹನಿಯುತ್ತಿತ್ತು. ದಿಯಾಳದು ಮುದಿ, ಸಾಧು ಕುದುರೆ. ಇವತ್ತು ಯಾಕೆ ಹೀಗೆ ಕಾಲೆಳೆಯುತ್ತಿದೆ ಎಂದು ಕಲಿಸುವಾಕೆ ಹತ್ತಿರ ಬಂದು ನೋಡಿದಳು. ಕ್ಲಾಸ್ ಮುಗಿಯಿತು, ದಿಯಾ ಇಳಿದಳು. ಕುದುರೆಯ ಮೈಯೆಲ್ಲ ತೊಪ್ಪೆಯಾಗಿತ್ತು. ಜೀನಿನ ಹಿಂದೆ ಮಾತ್ರ ಒಬ್ಬರು ಕೂರುವಷ್ಟು ಜಾಗ ಒಣಗಿತ್ತು...

"ಅಕಿ ಜಾಕೆಟ್ ಅಡ್ಡ ಬಂದಿರ್ತದ," ಎಂದರು ಪ್ರಕಾಶ್. ಹೂಂಗುಟ್ಟಿದೆ. ಅವಳ ಜಾಕೆಟ್ ಸೊಂಟದವರೆಗೂ ಬರುವುದಿಲ್ಲ, ಅದು ಅವರಿಗೂ ಗೊತ್ತು.

ಸವಾರಿ ಬಿಡಿಸಿದೆವು. ಅಳುತ್ತಾಳೆ, ರಂಪ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು "ಓಕೆ" ಎಂದಳು, ಅಷ್ಟೆ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಆವತ್ತಿನಿಂದ ಅವಳ ಹಾಸಿಗೆಯಲ್ಲೇ ಮಲಗುತ್ತೇನೆ. ನಿನ್ನೆ ರಾತ್ರಿ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಿಂದಿನಿಂದ ತಬ್ಬಿಕೊಳ್ಳಲು ಹತ್ತಿರ ಸರಿದೆ. ದಿಯಾ ನಿದ್ದೆಗಣ್ಣಿನಲ್ಲಿ ಪಿಸುಗುಟ್ಟಿದಳು.

"ಅಮ್ಮಾ, ದೇರ್ ಈಸ್ ನೋ ರೂಮ್."

ನಮ್ಮಿಬ್ಬರ ನಡುವೆ ಒಂದು ಮೊಳ ಹಾಸಿಗೆ ಖಾಲಿ ಇತ್ತು. ಆ ಖಾಲಿ ಜಾಗದ ಮೇಲಿಂದ ಕೈ ಚಾಚಿ ನನ್ನ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೆಳಗಿನವರೆಗೂ ಬಿಡಲಿಲ್ಲ. ಮೊಣಕೈಯಿಂದ ಮುಂದಕ್ಕೆ ನನ್ನ ಕೈ ಮರಗಟ್ಟಿಹೋಗಿತ್ತು, ಚಳಿಗೆ.