ಐದನೇ ಗುಬ್ಬಿಯನ್ನು ತಿದ್ದಿದ ಪುಣ್ಯಾತ್ಮ

ಹೋದ ತಿಂಗಳು ಎರಡು ಭಾನುವಾರ ನಾನು ಬೆಳಗಿನಿಂದ ಸಂಜೆಯವರೆಗೆ ಎರಡೇ ಎರಡು ಪದ ಮಾತಾಡಿದೆ. ಒಂದು. ಸೊನ್ನೆ. ಒಂದು, ಒಂದು, ಸೊನ್ನೆ. ಸೊನ್ನೆ, ಒಂದು.

ಜಮಖಂಡಿಯ ಮನೆಗೆ ಮರಳಿದಾಗ ಗಂಟಲು ಬಿದ್ದು ಆ ಎರಡು ಪದವೂ ಹೊರಡುತ್ತಿರಲಿಲ್ಲ. (ನಮ್ಮ ಸಂಸಾರದಲ್ಲಿ ಇಷ್ಟು ನೆಮ್ಮದಿಯ ದಿನ ಬಂದೇ ಇರಲಿಲ್ಲ ಎಂದು ಮನೆಯಾಕೆ ಎಲ್ಲರಿಗೂ ಫೋನ್ ಮಾಡಿ ಹೇಳಿದಳು.)

ಜಪವಲ್ಲ, ವ್ರತವಲ್ಲ. ಬನಹಟ್ಟಿಯಲ್ಲಿರುವ ನಮ್ಮ ಚಿಕ್ಕಮ್ಮ, ಗಂಗವ್ವ ಕಾಕುವಿನ ಅಟ್ಟದಿಂದ ಇಳಿಸಿದ ಒಂದು ಗಂಟನ್ನು ನಾವು ಬ್ಲಾಕ್‌ಚೈನ್ ಮೇಲೆ ಏರಿಸುತ್ತಿದ್ದೆವು.

ಹೆದರಿ ಪುಟ ತಿರುವಬೇಡಿ. ನನಗೂ ಆ ಪದ ಕೇಳಿದರೆ ತಲೆ ಸುತ್ತುತ್ತಿತ್ತು. ನನಗೆ ಅದನ್ನು ಬಿಡಿಸಿ ಹೇಳಿದವರು ಯಾವ ಎಂಜಿನಿಯರೂ ಅಲ್ಲ, ನಾಲ್ಕನೇ ಇಯತ್ತೆ ಓದಿದ ಕಾಕು.

ಗಂಟಿನಲ್ಲಿ ಇದ್ದದ್ದು ಜಕಾರ್ಡ್ ಕಾರ್ಡುಗಳು. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಹೂವು, ಬಳ್ಳಿ, ಹಕ್ಕಿ ಮೂಡಬೇಕಾದರೆ ಮಗ್ಗಕ್ಕೆ ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂದು ಹೇಳಬೇಕಲ್ಲ? ಅದನ್ನು ಹೇಳುವುದು ಈ ರಟ್ಟಿನ ಪಟ್ಟಿ. ತೂತು ಇದ್ದರೆ ಎಳೆ ಮೇಲೆ. ಇಲ್ಲದಿದ್ದರೆ ಕೆಳಗೆ. ಇಂಥ ನೂರಾರು ಪಟ್ಟಿಗಳನ್ನು ಒಂದಕ್ಕೊಂದು ದಾರದಿಂದ ಪೋಣಿಸಿ ಸರ ಮಾಡಿ ಮಗ್ಗದ ಮೇಲೆ ಏರಿಸುತ್ತಾರೆ. ಗಂಗವ್ವ ಕಾಕು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಅಜ್ಜನ ಪಕ್ಕ ಕುಳಿತು, ಚೌಕಳಿ ಹಾಳೆಯ ಮೇಲೆ ಚಿತ್ರ ಬಿಡಿಸುವುದರಿಂದ ತೂತು ಹೊಡೆಯುವವರೆಗೆ ಎಲ್ಲ ಕಲಿತಳು. ಸೊಸೆಗೆ ಇದನ್ನು ಕಲಿಸಿದ್ದಕ್ಕೆ ಓಣಿಯವರು ಅಜ್ಜನಿಗೆ ತಲೆ ಕೆಟ್ಟಿದೆ ಅಂದಿದ್ದರಂತೆ.

ಅವಳ ಮೊದಲ ಡಿಸೈನು ಗುಬ್ಬಿ ದಡಿ. ಸಾಲಾಗಿ ಐದು ಗುಬ್ಬಿ. ಅದನ್ನು ರಬಕವಿಯಲ್ಲಿ ನೇಯ್ದರು, ಮುಧೋಳದಲ್ಲಿ ಮಾರಿದರು, ಬೀಳಗಿಯ ಮದುವೆಗಳಲ್ಲಿ ಉಟ್ಟರು. ಆಮೇಲೆ ಯಾರು ಯಾರೋ ನೋಡಿ ನಕಲು ಮಾಡಿದರು. ಸೀರೆಗೆ ಅಂಗಡಿಯ ಹೆಸರಿರುತ್ತದೆ, ಊರಿನ ಹೆಸರಿರುತ್ತದೆ. ತೂತು ಹೊಡೆದವಳ ಹೆಸರು ಎಲ್ಲಿರುತ್ತದೆ? ನೀವೇ ಹೇಳಿ, ನಿಮ್ಮ ಬೀರುವಿನಲ್ಲಿರುವ ಯಾವ ಸೀರೆಯ ಚಿತ್ರ ಬರೆದವರ ಹೆಸರು ನಿಮಗೆ ಗೊತ್ತು?

ಈಗ ಡಿಸೈನು ಕಂಪ್ಯೂಟರಿನಲ್ಲಿ. ಕಾರ್ಡುಗಳು ಅಟ್ಟ ಸೇರಿದವು. ಅಟ್ಟದಲ್ಲಿ ಇಲಿಗಳಿದ್ದವು. ಕಾಕುವಿನ ತೊಟ್ಟಿಲ ದಡಿಯನ್ನು ತಿಂದು ಮುಗಿಸಿ, ಬಾಳೆಗೊನೆಯ ದಡಿಯನ್ನೂ ಮುಗಿಸಿ, ಈ ಮಳೆಗಾಲದಲ್ಲಿ ಗುಬ್ಬಿ ದಡಿಯ ಅಂಚಿಗೆ ಬಾಯಿ ಹಾಕಿದ್ದವು.

ಕಾಕುವಿನ ಮಗಳು ವಿಜಿ, ಅಂದರೆ ನನ್ನ ತಂಗಿ, ಜಮಖಂಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳು ಹೇಳಿದಳು, "ಅವ್ವಾ, ಇದನ್ನ ಬ್ಲಾಕ್‌ಚೈನ್ ಮ್ಯಾಲ ಇಡೋಣ. ಇಲಿ ತಿನ್ನಾಂಗಿಲ್ಲ, ಯಾರೂ ಕದಿಯಾಂಗಿಲ್ಲ. ನಿನ್ನ ಹೆಸರೂ ಇರ್ತೈತಿ."

"ಹ್ವಾದ ಸಲಾನೂ ಹಿಂಗ ಅಂದಿದ್ದಿ," ಅಂದಳು ಕಾಕು.

ಹೌದು, ಅಂದಿದ್ದಳು. ಎರಡು ವರ್ಷದ ಹಿಂದೆ ವಿಜಿ ಗುಬ್ಬಿ ಸೀರೆಯ ಫೋಟೋವನ್ನು ಎನ್‌ಎಫ್‌ಟಿ, ಅಂದರೆ ಚೈನ್ ಮೇಲಿನ ಒಡೆತನದ ಚೀಟಿ, ಮಾಡಿದ್ದಳು. ಆಗ ಎಲ್ಲರೂ ಮಾಡುತ್ತಿದ್ದರು. ಆದರೆ ಚೈನ್ ಮೇಲೆ ಉಳಿದದ್ದು ಫೋಟೋ ಎಲ್ಲಿದೆ ಅನ್ನುವ ಲಿಂಕು ಮಾತ್ರ. ಫೋಟೋ ಇದ್ದದ್ದು ಬೇರೆ ಯಾವುದೋ ವೆಬ್‌ಸೈಟಿನಲ್ಲಿ. ಆ ವೆಬ್‌ಸೈಟು ಒಂದು ದಿನ ಬಾಗಿಲು ಹಾಕಿತು.

"ಅಡ್ರೆಸ್ ಐತಿ, ಮನಿ ಬಿದ್ದೈತಿ," ಎಂದು ಕಾಕು ಅದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಈ ಸಲ ಹಾಗಲ್ಲ ಅಂದಳು ವಿಜಿ. ಫೋಟೋ ಇಡುವುದೇ ಇಲ್ಲ. ತೂತುಗಳನ್ನೇ ಇಡುವುದು. ತೂತಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಜತೆಗೆ ಅದನ್ನು ಓದಿ ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಮು. ಯಾರಾದರೂ ತೆರೆದರೆ ಅವರಿಗೊಂದು ನಂಬರು ಬರುತ್ತದೆ. ಆ ನಂಬರಿನ ಪ್ರಕಾರ ಒಬ್ಬರಿಗೆ ಹಸಿರು ದಡಿ, ಒಬ್ಬರಿಗೆ ಕುಂಕುಮ ಬಣ್ಣದ್ದು, ಒಬ್ಬರಿಗೆ ಗುಬ್ಬಿ ನಡುವೆ ಕಾಳು, ಇನ್ನೊಬ್ಬರಿಗೆ ಆಕಾಶದ ಚಿಕ್ಕಿ. ಗುಬ್ಬಿ ಮಾತ್ರ ಕಾಕುವಿನದೇ. (ಎಲ್ಲ ಸೇರಿ ಹಿಡಿಯುವ ಜಾಗ ನನ್ನ ಈ ಅಂಕಣಕ್ಕಿಂತ ಕಡಿಮೆಯಂತೆ. ಸಂಪಾದಕರು ದಯವಿಟ್ಟು ಈ ಸಾಲನ್ನು ಗಮನಿಸಬಾರದು.)

ಕಾಕು ಕೈಯಲ್ಲಿದ್ದ ಕಾರ್ಡುಗಳ ಸರವನ್ನು ಮುಂದಿಟ್ಟುಕೊಂಡಳು.

"ಹಂಗಾರ ಸೀರಿ ಇಡೂದಲ್ಲ. ಮಗ್ಗಾನ ಇಡೂದು ಅನ್ನು."

"ಹೂಂ ಬೇ!"

"ಮತ್ತ ಈ ಚೈನ್ ಅಂದ್ರೇನು?"

ವಿಜಿ ಬಾಯಿ ತೆರೆಯುವ ಮೊದಲೇ ಕಾಕು ಮುಂದಿದ್ದ ಸರ ಎತ್ತಿ ಹಿಡಿದಳು. "ಇದಾ ಹೌದಿಲ್ಲೋ? ಒಂದಕ್ಕೊಂದು ಪೋಣಿಸಿದ್ದು. ನಡುವಿಂದ ಒಂದು ಕಾರ್ಡ್ ತಗದ್ರ, ತಿರುವಿದ್ರ, ದಡ್ಯಾಗ ಎದ್ದು ಕಾಣತೈತಿ. ಯಾರೂ ಮುಚ್ಚಿಡಾಕ ಬರೂದಿಲ್ಲ." ಮಗಳು ಹೌದೆಂದು ತಲೆಯಾಡಿಸಿದಳು. ಕಾಲೇಜಿನಲ್ಲಿ ಇದನ್ನೇ ತಿಳಿಸಲು ತನಗೆ ಒಂದು ವಾರ ಹಿಡಿಯುತ್ತದೆ ಎಂದು ಆಮೇಲೆ ಒಪ್ಪಿಕೊಂಡಳು.

ಕಾರ್ಡುಗಳ ಫೋಟೋ ಹೊಡೆದು ಓದಿಸಲು ನೋಡಿದೆವು. ಇಲಿ ಕಡಿದದ್ದನ್ನೂ ಫೋನು ತೂತು ಎಂದೇ ತಿಳಿಯಿತು. ಮನುಷ್ಯರೇ ಓದಬೇಕು ಎಂದಾಯಿತು. ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದ ನನ್ನ ಬಿಟ್ಟು ಮತ್ತಾರು ಸಿಗುತ್ತಾರೆ? ನಾನು ಓದುವುದು, ವಿಜಿ ಟೈಪ್ ಮಾಡುವುದು, ಕಾಕು ಚಾ, ಚೂಡಾ ಕೊಡುವುದು. ನೂರಾಇಪ್ಪತ್ತು ಕಾರ್ಡು. ಒಂದೊಂದು ಗುಬ್ಬಿಗೆ ಇಪ್ಪತ್ನಾಲ್ಕು.

ಎರಡನೇ ಭಾನುವಾರ ನಾಲ್ಕು ಗುಬ್ಬಿ ಮುಗಿಸಿ ಐದನೆಯದಕ್ಕೆ ಬಂದಾಗ ನನ್ನ ಪ್ರೂಫ್ ಕಣ್ಣು ಎಚ್ಚರವಾಯಿತು. ಕಾರ್ಡಿನ ಮೂಲೆಯಲ್ಲಿ ನಂಬರು ಬರೆದಿರುತ್ತದೆ. ತೊಂಬತ್ತಾರರ ಪಕ್ಕ ತೊಂಬತ್ತೇಳು ಇರಬೇಕು. ಇಲ್ಲಿ ನೂರಾಇಪ್ಪತ್ತು ಇದೆ! ಆಮೇಲೆ ನೂರಾಹತ್ತೊಂಬತ್ತು, ನೂರಾಹದಿನೆಂಟು... ಕೊನೆಯ ಗುಬ್ಬಿಯ ಕಾರ್ಡುಗಳನ್ನು ಯಾರೋ ಪೂರ್ತಿ ಹಿಂದುಮುಂದಾಗಿ ಪೋಣಿಸಿದ್ದಾರೆ.

ಅಬ್ಬಾ, ಸಿಕ್ಕಿತು! ಪ್ರೂಫ್ ನೋಡುವವನಿಗೆ ತಪ್ಪು ಸಿಕ್ಕಾಗ ಆಗುವ ಸಂತೋಷ ಊಟ ಸಿಕ್ಕಾಗಲೂ ಆಗುವುದಿಲ್ಲ. ಯಾರಿಗೂ ಹೇಳಲಿಲ್ಲ. ಕಾಕುವಿನ ತಪ್ಪನ್ನು ಎತ್ತಿ ಆಡುವುದು ಯಾಕೆ ಎಂಬ ದೊಡ್ಡತನ ಬೇರೆ. ಸರದ ಇನ್ನೊಂದು ತುದಿಯಿಂದ ಹಿಡಿದು, ತೊಂಬತ್ತೇಳು, ತೊಂಬತ್ತೆಂಟು ಎಂದು ನಂಬರಿನ ಪ್ರಕಾರ ನೇರ ಮಾಡಿ ಓದಿದೆ.

ವಿಜಿ ಮೇಲೇರಿಸಿದಳು. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದಳು. ಅದನ್ನು ಅವ್ವ ತನ್ನ ಕೈಯಿಂದಲೇ ಬರೆಯಬೇಕು ಎಂದು ಅವಳ ಆಸೆ. ಒಮ್ಮೆ ಬರೆದರೆ ಮುಗಿಯಿತು, ಮತ್ತೆ ಬದಲಾಗುವುದಿಲ್ಲ.

ರಾತ್ರಿ ನಾವಿಬ್ಬರೂ ಅಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಕಾಕು ಸ್ನಾನ ಮಾಡಿ ಬಂದು ಕನ್ನಡಕ ಹಾಕಿಕೊಂಡು ಫೋನ್ ಹಿಡಿದಳು. ಕುಂಕುಮ ಬಣ್ಣದ ದಡಿಯ ಮೇಲೆ ಐದು ಗುಬ್ಬಿ ಸಾಲಾಗಿ ಮೂಡಿದವು. ನನಗೆ ನಿಜಕ್ಕೂ ಕಣ್ಣು ತುಂಬಿತು. ಕಾಕು ಮಾತ್ರ ಬೆರಳಿಟ್ಟು ಎಣಿಸುತ್ತಿದ್ದಳು. ಐದನೆಯದರ ಮೇಲೆ ಬೆರಳು ನಿಂತಿತು.

"ಇದು ನಂದಲ್ಲ."

"ಯಾಕಬೇ?"

"ನನ್ನ ಗುಬ್ಬಿ ಹಿಂದ ನೋಡತೈತಿ. ಇದು ಎಲ್ಲಾರ ಜೋಡಿ ಮುಂದ ನೋಡಾಕತ್ತೈತಿ."

ವಿಜಿ ನನ್ನ ಕಡೆ ತಿರುಗಿದಳು. "ಅಣ್ಣಾ, ನೀ ಸರ ಓದಿದ್ಯೋ, ನಂಬರ್ ಓದಿದ್ಯೋ?"

"ನಂಬರ್," ಅಂದೆ. ಒಂದು, ಸೊನ್ನೆ ಬಿಟ್ಟರೆ ಅದೇ ನನ್ನ ಮೂರನೇ ಪದ.

ಕಾಕು ಎದ್ದು ಟ್ರಂಕಿನಿಂದ ಹಳೆಯ ಸೀರೆ ತಂದು ಹಾಸಿದಳು. ನಾಲ್ಕು ಗುಬ್ಬಿ ಎಡಕ್ಕೆ ಹೊರಟಿವೆ. ಐದನೆಯದು ಬಲಕ್ಕೆ ತಿರುಗಿ ನಿಂತಿದೆ. ಆ ಸೀರೆಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದರ ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದೇನೆ. ಗುಬ್ಬಿ ಯಾವ ಕಡೆ ನೋಡುತ್ತಿದೆ ಎಂದು ಒಂದು ದಿನವೂ ನೋಡಿರಲಿಲ್ಲ.

ಆದದ್ದು ಇಷ್ಟು. ಆ ಕಾಲಕ್ಕೆ ಕಾಕು ಕೊನೆಯ ಗುಬ್ಬಿಯ ಕಾರ್ಡು ಪೋಣಿಸುವಾಗ ರನ್ನ ಬೆಳಗಲಿಯಿಂದ ಅವಳ ಅಣ್ಣ ಬಂದ. ಮದುವೆಯಾದ ಮೇಲೆ ತವರಿನಿಂದ ಬಂದ ಮೊದಲ ಮುಖ. ಎದ್ದು ಹೋಗಿ ನೀರು ಕೊಟ್ಟು, ಮಾತಾಡಿ, ಅವನನ್ನು ಕಳಿಸಿ ಬಂದು ಕೂತವಳು ಉಳಿದ ಕಟ್ಟನ್ನು ಹಿಂದುಮುಂದಾಗಿ ಹಿಡಿದು ಪೋಣಿಸಿದ್ದಾಳೆ. ಮೊದಲ ಸೀರೆ ಮಗ್ಗದಿಂದ ಇಳಿದಾಗಲೇ ಗೊತ್ತಾದದ್ದು. ಅಳುತ್ತ ದಾರ ಬಿಚ್ಚಲು ಹೋದವಳನ್ನು ಅಜ್ಜ ತಡೆದನಂತೆ. "ಬಿಚ್ಚಬ್ಯಾಡವಾ. ಅದು ತವರಿನ ಕಡೆ ನೋಡಾಕತ್ತೈತಿ. ನೋಡ್ಲಿ ಬಿಡು."

ಆಮೇಲೆ ಹೆಣ್ಣುಮಕ್ಕಳು ಅಂಗಡಿಯಲ್ಲಿ "ಹಿಂದ ನೋಡೋ ಗುಬ್ಬಿ ಐತೇನ್ರಿ?" ಎಂದು ಕೇಳಿ, ಐದರವರೆಗೆ ಎಣಿಸಿ ನೋಡಿಯೇ ಸೀರೆ ಒಯ್ಯುತ್ತಿದ್ದರಂತೆ. ನಕಲು ಮಾಡಿದವರಿಗೆ ಅದು ತಪ್ಪಾಗಿ ಕಂಡಿತು. ಅವರು ಸರಿಪಡಿಸಿಕೊಂಡರು. ಹೀಗಾಗಿ ಹಿಂದೆ ನೋಡುವ ಗುಬ್ಬಿ ಕಾಕುವಿನದು, ಮುಂದೆ ನೋಡುವುದು ಮಂದಿಯದು. ಹೆಸರಿಲ್ಲದವಳಿಗೆ ಇದ್ದ ಸಹಿ ಅದೊಂದೇ.

"ಕದ್ದವರೂ ಹಿಂಗಾ ತಿದ್ದಿದ್ರು, ತಮ್ಮಾ," ಅಂದಳು ಕಾಕು. ಬೈದಿದ್ದರೆ ಚೆನ್ನಾಗಿತ್ತು.

ತಿದ್ದುವುದು ನಮಗೆಲ್ಲ ಎಂಥ ಚಟ ನೋಡಿ. ಮದುವೆ ಫೋಟೋದಲ್ಲಿ ಮಗಳ ಕೆನ್ನೆಯ ಮಚ್ಚೆ ಅಳಿಸುತ್ತೇವೆ. ಗಂಗವ್ವ ಎಂಬ ಹೆಸರು ಅಷ್ಟು ಚಂದ ಇಲ್ಲ ಎಂದು ಯಾವುದೋ ಕಚೇರಿಯ ಗುಮಾಸ್ತ ಅವಳ ಕಾಗದದಲ್ಲಿ "ಗಂಗಾ" ಎಂದು ಬರೆದ. ನಾನು? ಮನೆಯಲ್ಲಿ "ಮನಿ" ಎಂದು ಆಡುವವನು ಈ ಅಂಕಣಕ್ಕೆ ಕೂತ ಕೂಡಲೇ "ಮನೆ" ಎಂದು ಬರೆಯುತ್ತೇನೆ. ಇಷ್ಟು ವರ್ಷ ಕಾಕುವಿನ ಮಾತನ್ನು ಇಲ್ಲಿ ಬರೆದಾಗಲೆಲ್ಲ ಇಸ್ತ್ರಿ ಹೊಡೆದೇ ಬರೆದಿದ್ದೇನೆ. ಈ ವಾರ ಹೊಡೆದಿಲ್ಲ. ಗಮನಿಸಿರಬಹುದು.

ಇರಲಿ. ಕಾಕು ಮಗಳಿಗೆ ಹೇಳಿದಳು, "ಇದನ್ನ ಅಳಸು."

"ಅಳಸಾಕ ಬರೂದಿಲ್ಲಬೇ."

"ನಿನಗ ಬರೂದಿಲ್ಲೋ, ಯಾರಿಗೂ ಬರೂದಿಲ್ಲೋ?"

"ಯಾರಿಗೂ ಬರೂದಿಲ್ಲ."

ವಿಜಿಯ ಮುಖ ಸಣ್ಣದಾಗಿತ್ತು. ನಾನಂತೂ ಬಾಗಿಲು ಎಲ್ಲಿದೆ ಎಂದು ನೋಡುತ್ತಿದ್ದೆ. ಕಾಕು ಹಳೆಯ ಸೀರೆಯ ಮೇಲೆ ಕೈಯಾಡಿಸುತ್ತ ಕೂತಿದ್ದವಳು ಒಮ್ಮೆಲೇ ತಲೆ ಎತ್ತಿದಳು.

"ಅಂದ್ರ ನಂದು ಏರಿಸಿದ್ರ, ನಂದೂ ಯಾರೂ ಅಳಸಾಂಗಿಲ್ಲ. ತಿದ್ದಾಂಗಿಲ್ಲ."

"ಇಲ್ಲ."

"ಹಂಗಾರ ಕುಂಡ್ರ. ಇನ್ನೊಂದು ಏರಿಸೋಣ. ಕಾರ್ಡ್ ನಾ ಓದತೀನಿ."

ನಾನು ಸಹಾಯಕ್ಕೆಂದು ಕಾರ್ಡಿನ ನಂಬರು ತೋರಿಸಹೋದೆ. "ನಂಬರ್ ನೋಡಬ್ಯಾಡ, ದಾರ ನೋಡು," ಎಂದು ಕೈ ಸರಿಸಿದಳು. ಕನ್ನಡಕ ತೆಗೆದಿಟ್ಟಳು. ಒಂದೊಂದೇ ಕಾರ್ಡನ್ನು ಬೆರಳಿನಿಂದ ಸವರುತ್ತ, ದಾರ ಕರೆದುಕೊಂಡು ಹೋದ ದಾರಿಯಲ್ಲೇ ಹೋದಳು. ಇಲಿ ಕಡಿದ ಜಾಗ ಬಂದರೆ "ಇದು ಇಲೀದು, ಬಿಡು" ಅನ್ನುತ್ತಿದ್ದಳು. ಆ ಗುಬ್ಬಿಯ ಇಪ್ಪತ್ನಾಲ್ಕು ಕಾರ್ಡು ಮುಗಿಸಲು ನನಗೆ ನಾಲ್ಕು ತಾಸು ಹಿಡಿದಿತ್ತು. ಅವಳು ಬೆಳಗಿನ ಚಾ ಆರುವುದರೊಳಗೆ ಮುಗಿಸಿದಳು.

ಮಧ್ಯಾಹ್ನದ ಹೊತ್ತಿಗೆ ಐದನೇ ಗುಬ್ಬಿ ರನ್ನ ಬೆಳಗಲಿಯ ಕಡೆ ತಿರುಗಿತ್ತು. ಕಾಕು ಹೆಸರಿನ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ಗಂ, ಗ, ವ್ವ. ಫೋನು ಅದನ್ನೂ ತಿದ್ದಲು ನೋಡಿತು. ವಿಜಿ ಬಿಡಲಿಲ್ಲ.

ಮೊನ್ನೆ ಯಾರೋ ದೂರದೇಶದವರು ಆ ದಡಿಯನ್ನು ತೆರೆದು ನೋಡಿ ವಿಜಿಗೆ ಒಂದು ಸಾಲು ಬರೆದಿದ್ದರಂತೆ. ಆ ಒಂದು ಹಕ್ಕಿ ಯಾಕೆ ಹಿಂದೆ ನೋಡುತ್ತಿದೆ ಎಂದು. ಕಾಕು ಈಗ ಅದಕ್ಕೆ ಉತ್ತರ ಹೇಳಿ ಬರೆಸುತ್ತಿದ್ದಾಳೆ. ನಾಲ್ಕು ಪುಟ ಆಗಿದೆಯಂತೆ, ಕಥೆಯಲ್ಲಿ ರನ್ನ ಬೆಳಗಲಿಯ ಅಣ್ಣ ಇನ್ನೂ ಬಾಗಿಲಿಗೆ ಬಂದಿಲ್ಲವಂತೆ. ನಾನು ಪ್ರೂಫ್ ನೋಡುತ್ತೇನೆ ಎಂದೆ. ಇಬ್ಬರೂ ಒಟ್ಟಿಗೆ ಬೇಡ ಎಂದರು.

ಇನ್ನು ಆ ಮೊದಲನೆಯದು, ಐದೂ ಗುಬ್ಬಿ ಶಿಸ್ತಾಗಿ ಮುಂದೆ ನೋಡುವ ದಡಿ? ಅದೂ ಅಲ್ಲೇ ಇದೆ, ಹೆಸರಿನ ಜಾಗ ಖಾಲಿ. ಏನು ಮಾಡುವುದೆಂದು ವಿಜಿ ಕೇಳಿದಾಗ ಕಾಕು ನನ್ನತ್ತ ನೋಡಿ ನಕ್ಕು, "ತಮ್ಮಂದು ಬರಿ," ಅಂದಳು. ವಿಜಿ ಬರೆದೇಬಿಟ್ಟಳು.

ಹೀಗಾಗಿ ನನ್ನ ಹೆಸರಿನಲ್ಲಿ ಈ ಜಗತ್ತಿನಲ್ಲಿ ಶಾಶ್ವತವಾಗಿ ಉಳಿಯುವುದು ಒಂದೇ ಒಂದು: ಎಳ್ಳಷ್ಟೂ ತಪ್ಪಿಲ್ಲದ ಒಂದು ತಪ್ಪು.