ಕೌದಿಯ ಕೊನೆಯ ಮೂಲೆ

ಹೋದ ತಿಂಗಳು ಗದಗಿನ ದವಾಖಾನೆಯಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಮಲಗಿದಾಗ ಮೂಗಿಗೆ ಲವಂಗದ ವಾಸನೆ ಬಂತು. ಅದು ನಮ್ಮ ಆಯಿಯ ವಾಸನೆ. ಹಮ್ಮಿಗಿ ಊರಿನ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹಲ್ಲುನೋವಿಗೆ ಲವಂಗ ಕಚ್ಚಿಕೊಂಡೇ ಆಕೆ ಕೌದಿ ಹೊಲಿಯುತ್ತಿದ್ದಳು.

ನನ್ನ ಧೈರ್ಯದ ಬಗ್ಗೆ ಮಾತ್ರ ಕೇಳಬೇಡಿ. ಸೂಜಿ ಕಂಡದ್ದೇ ತಡ, "ಕಿತ್ತ ಬಿಡ್ರಿ, ಒಮ್ಮೆಗೇ ಮುಗೀಲಿ" ಎಂದೆ.

ಡಾಕ್ಟರಮ್ಮ ನಕ್ಕರು. "ಹಲ್ಲು ಗಟ್ಟಿ ಐತ್ರಿ. ಒಳಗಿನ ನರ ಅಷ್ಟ ಕೆಟ್ಟೈತಿ. ಅದನ್ನ ತಗದು, ಬೇರಿನ ತನಕಾ ಸ್ವಚ್ಛ ಮಾಡಿ, ತುಂಬಿ ಮುಚ್ಚತೀನಿ. ಒಳಗ ಖಾಲಿ ಬಿಡಬಾರದು. ಮೂರು ಸಲ ಬರಬೇಕಾಗತೈತಿ. ಬಾಯಿ ಜೋಮು ಹಿಡಿಯೂತನಾ ವಿಚಾರ ಮಾಡಿ ಹೇಳ್ರಿ" ಎಂದು ಸೂಜಿ ಚುಚ್ಚಿ ಹೋದರು.

ಖಾಲಿ ಬಿಡಬಾರದು. ದೀಪದ ಬೆಳಕಿನಲ್ಲಿ ಕಣ್ಣಿಗೆ ಮಂಪರು ಕವಿದು, ನಾನು ಮತ್ತೆ ಚಿಕ್ಕವನಾಗಿ ಹಮ್ಮಿಗಿಯ ಪಡಸಾಲೆಯಲ್ಲಿ ಆಯಿಯ ತೊಡೆಯ ಪಕ್ಕ ಮಲಗಿದ್ದೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದು, ಕೊನೆಯ ಮೂಲೆ ಮುಚ್ಚುವ ಮುಂಚೆ ಆಕೆ ಒಳಗೊಂದು ರೊಟ್ಟಿ ಚೂರು ಇಡುತ್ತಿದ್ದಳು. "ಕೌದಿ ಹೊಟ್ಟಿ ಖಾಲಿ ಇರಬಾರದಪಾ. ತಾನ ಉಪಾಸ ಇದ್ದದ್ದು ನಿನ್ನ ಹೆಂಗ ಬೆಚ್ಚಗ ಇಟ್ಟೀತು?" ಆಮೇಲೆ ದಾರವನ್ನು ಕೋರೆಹಲ್ಲಿಗೆ ಕೊಟ್ಟು ಟಕ್ಕೆಂದು ಕಡಿಯುವಳು. ಆ ಸದ್ದು ಕೇಳುತ್ತಲೇ ನನಗೆ ಮಧ್ಯಾಹ್ನದ ನಿದ್ದೆ ಹತ್ತುತ್ತಿತ್ತು.

ಆ ಹಲ್ಲನ್ನು ಕೀಳಿಸಿದವನು ನಾನೇ. ಆಗ ನನಗೆ ಹೊಸ ನೌಕರಿ, ಎಲ್ಲದಕ್ಕೂ ಗಡಿಬಿಡಿ. ಹಲ್ಲು ಉಳಿಸಬಹುದು, ನಾಲ್ಕು ಸಲ ಬರಬೇಕು ಎಂದು ಅಂದಿನ ಡಾಕ್ಟರು ಹೇಳಿದ್ದರು. ಹಮ್ಮಿಗಿಯಿಂದ ಬಸ್ಸಿನಲ್ಲಿ ಕರೆತರುವ ಬೇಸರಕ್ಕೆ, "ಈ ವಯಸ್ಸಿಗೆ ಯಾಕ್ರಿ, ಕಿತ್ತ ಬಿಡ್ರಿ" ಎಂದೆ. ಆಯಿಯನ್ನು ಕೇಳಲೂ ಇಲ್ಲ. ಮರಳುವಾಗ ಆಕೆ ಬಾಯಿಗೆ ಸೆರಗು ಒತ್ತಿಕೊಂಡು, "ಇನ್ನ ದಾರ ಹೆಂಗ ಕಡೀಲಿ?" ಎಂದಳು, ಅಷ್ಟೆ.

ಕತ್ತರಿ ತಂದುಕೊಟ್ಟೆ. ಮುಟ್ಟಲಿಲ್ಲ. ನನಗೆಂದೇ ಹೊಲಿಯುತ್ತಿದ್ದ ಕೌದಿಯ ಒಂದು ಮೂಲೆ ಹಾಗೇ ಉಳಿಯಿತು, ಆಯಿ ಹೋದಳು. ಅದನ್ನು ನೋಡಲು ನಾಚಿಕೆಯಾಗಿ ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದೆ.

"ಏನ್ ಮಾಡೂಣ್ರಿ?" ಡಾಕ್ಟರಮ್ಮ ಬಂದು ನಿಂತಿದ್ದರು.

"ಉಳಸ್ರಿ" ಎಂದೆ. ಜೋಮು ಹಿಡಿದ ತುಟಿಗೆ ಆ ಒಂದು ಮಾತೂ ಸರಿಯಾಗಿ ಬರಲಿಲ್ಲ.

ಮೂರು ಸಲವೂ ಹೋದೆ. ಕೊನೆಯ ದಿನ ಮನೆಗೆ ಬಂದವನೇ ಕೌದಿ ತೆಗೆದು, ಬುಟ್ಟಿಯಿಂದ ಒಂದು ಚೂರು ರೊಟ್ಟಿ ಮುರಿದು ಮೂಲೆಯೊಳಗೆ ಇಟ್ಟು ಹೊಲಿಯಲು ಕೂತೆ. ಹೊಲಿಗೆ ಅಂಕುಡೊಂಕು. ಹೆಂಡತಿ ಕತ್ತರಿ ಚಾಚಿದಳು.

"ಬ್ಯಾಡ" ಎಂದು ದಾರವನ್ನು ಆ ಉಳಿಸಿಕೊಂಡ ಹಲ್ಲಿಗೇ ಕೊಟ್ಟೆ. ಟಕ್ಕೆಂದಿತು.