ಹೆಸರು ಹಿಡಿದು ಕರೆದ ಜೋಗುಳ

ಭಾರತಮ್ಮ ಮೇಡಂ ಪಾಠ ಶುರು ಮಾಡಿದರೆ ಗೋಡೆಯ ಮೇಲಿನ ಹಲ್ಲಿಗೂ ತೂಕಡಿಕೆ ಬರುತ್ತದೆ ಎಂದು ಮುಳಬಾಗಿಲಿನ ಆ ಪಿಯು ಕಾಲೇಜಿನ ಹುಡುಗಿಯರು ಆಡಿಕೊಳ್ಳುತ್ತಿದ್ದರು. ಮಾತು ಅವರ ಕಿವಿಗೂ ಬಿದ್ದಿತ್ತು. ಆದರೆ ವಾಣಿಜ್ಯಶಾಸ್ತ್ರವನ್ನು ಪುಸ್ತಕದಲ್ಲಿದ್ದ ಹಾಗೆ ಒಪ್ಪಿಸುವುದು ಬಿಟ್ಟರೆ ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಬಸ್ ನಿಲ್ದಾಣದ ಹಿಂದಿದ್ದ ಶಾಕಿರ್‌ನ ಕ್ಯಾಸೆಟ್ ಅಂಗಡಿಯಲ್ಲಿ. ಸಿ.ಡಿ. ಬಂದ ಮೇಲೆ ಅವನ ಕ್ಯಾಸೆಟ್‌ಗಳನ್ನು ಕೇಳುವವರಿರಲಿಲ್ಲ. ಊರಿಗೆ ಕೇಬಲ್ ಟಿ.ವಿ. ಕೊಡುತ್ತಿದ್ದವನೂ ಅವನೇ. 2001ರಲ್ಲಿ ಖಾಲಿ ಬಿದ್ದಿದ್ದ ಒಂದು ಚಾನೆಲ್ಲಿಗೆ ಟೇಪ್‌ರೆಕಾರ್ಡರ್ ಜೋಡಿಸಿ, ಫೋನ್ ಮಾಡಿ ಕೇಳಿದವರಿಗೆ ಕೇಳಿದ ಹಾಡು ಹಾಕತೊಡಗಿದ. ಒಂದು ಬೀದಿಯಲ್ಲಿ ಶುರುವಾಗಿದ್ದು ನೋಡನೋಡುತ್ತಾ ಊರೆಲ್ಲ ಹಬ್ಬಿತು. ಅದಕ್ಕೆ ಅವನಿಟ್ಟ ಹೆಸರು ‘ಹಾಡಿನ ತಂತಿ’.

"ಶಾಕಿರಣ್ಣ ಏನು ಮಾರ್ತಾರೆ, ಹೇಳ್ರೇ?" ಎಂದು ಭಾರತಮ್ಮ ಒಂದು ದಿನ ತರಗತಿಯಲ್ಲಿ ಕೇಳಿದರು.

"ಹಾಡು ಮೇಡಂ."

"ಹಾಡು ಅವರ ಅಂಗಡೀಲೇ ಇರುತ್ತಲ್ಲ. ನಿಮ್ಮನೆಗೆ ಏನು ಬರುತ್ತೆ?"

ಹಿಂದಿನ ಬೆಂಚಿನ ಅಂಬ್ರೀನ್ ಎದ್ದು ನಿಂತಳು. "ಕೇಳೋದು ಮೇಡಂ. ಬರೀ ಕೇಳೋದು."

ಅಂದಿನಿಂದ ಯಾರೂ ತೂಕಡಿಸಲಿಲ್ಲ. ಬಂಡವಾಳ, ಬೇಡಿಕೆ, ಗ್ರಾಹಕ ಎಲ್ಲಕ್ಕೂ ಶಾಕಿರ್ ಅಂಗಡಿಯೇ ಉದಾಹರಣೆ. ತಂತಿ ಎಳೆಯುವ ಖರ್ಚು ಒಂದೇ ಸಲ, ಕೇಳುವವರು ಮಾತ್ರ ಬೆಳೆಯುತ್ತಾ ಹೋಗುತ್ತಾರೆ ಎಂಬುದನ್ನು ಹುಡುಗಿಯರು ಅಂಗಡಿಯಲ್ಲೇ ಕೂತು ಕಲಿತರು. ಶನಿವಾರ ಕಾಲೇಜು ಬಿಟ್ಟ ಮೇಲೆ ಭಾರತಮ್ಮನೂ ಅವರ ಜೊತೆ ಹೋಗುತ್ತಿದ್ದರು.

ಅಂಥ ಒಂದು ಶನಿವಾರ ಶಾಕಿರ್ ತಂತಿ ಸರಿಮಾಡಲು ಹೋಗಿದ್ದ. ಓಡುತ್ತಿದ್ದ ಕ್ಯಾಸೆಟ್ ಮುಗಿಯಿತು. ರೆಕಾರ್ಡ್ ಮಾಡಿಕೊಡಿ ಎಂದು ಜನ ಕೊಟ್ಟು, ಮತ್ತೆ ಬಂದು ಕೇಳದೆ ಬಿಟ್ಟ ಹಳೆಯ ಕ್ಯಾಸೆಟ್‌ಗಳ ಬುಟ್ಟಿಯಿಂದ ಅಂಬ್ರೀನ್‌ಳ ತರಗತಿಯವಳೇ ಆದ ಸಂಹಿತಾ ಕೈಗೆ ಸಿಕ್ಕಿದ್ದೊಂದನ್ನು ಹಾಕಿದಳು. ತಾಳವಿಲ್ಲ, ಮೇಳವಿಲ್ಲ. ಯಾರೋ ಹೆಂಗಸು ತೆಲುಗಿನಲ್ಲಿ ಜೋಗುಳ ಹಾಡುತ್ತಿದ್ದಳು. ಹಾಡು ಮುಗಿಸಿ ಒಂದು ಉಸಿರಿನಷ್ಟು ಸುಮ್ಮನಾದಳು. ಆಮೇಲೆ, ಬೀದಿಯಲ್ಲಿ ಆಡುವ ಮಗುವನ್ನು ಬಾಗಿಲಲ್ಲಿ ನಿಂತು ಕರೆಯುವಂತೆ, ಒಂದು ಹೆಸರು ಹಿಡಿದು ಕರೆದಳು.

"ಅಂಬ್ರೀನ್ ಅಂದ್ಲಲ್ಲೇ!"

"ಥೂ, ಸಂಹಿತಾ ಅಂದಿದ್ದು ಕಣೇ. ಸರಿಯಾಗಿ ಕೇಳು."

ಮತ್ತೆ ಹಾಕಿದರು. ಮತ್ತೆ ಇಬ್ಬರಿಗೂ ತಂತಮ್ಮ ಹೆಸರೇ ಕೇಳಿಸಿತು. ಭಾರತಮ್ಮನಿಗೆ ಕೇಳಿಸಿದ್ದು ಬರೀ ಗೊರಗೊರ ಸದ್ದು. ಹುಡುಗಿಯರು ನಕ್ಕು ಮುಗಿಸುವ ಮೊದಲೇ ಫೋನ್ ಹೊಡೆದುಕೊಂಡಿತು. ಅದೇ ಇನ್ನೊಂದು ಸಲ ಹಾಕಿ ಎಂದರು ಯಾರೋ.

"ಸವೆದ ಟೇಪು. ಯಾರಿಗೆ ಏನು ಬೇಕೋ ಅದು ಕೇಳಿಸುತ್ತೆ," ಎಂದರು ಭಾರತಮ್ಮ ಸೋಮವಾರದ ಪಾಠದಲ್ಲಿ. "ಒಂದೇ ಸರಕು ನೂರು ಜನಕ್ಕೂ ತಮಗೋಸ್ಕರವೇ ಮಾಡಿದ್ದು ಅನ್ನಿಸಿದ್ರೆ, ಆ ವ್ಯಾಪಾರಿಗೆ ಜಾಹೀರಾತೇ ಬೇಡ." ಆ ವಿವರಣೆ ಅವರಿಗೇ ಬಹಳ ಹಿಡಿಸಿತು. ಮನೆಗೆ ಬಂದು ಅನ್ನಕ್ಕಿಡುವಾಗ ಮಾತ್ರ, ಅಂಬ್ರೀನ್ ಎಂಬ ಹೆಸರಿಗೂ ಸಂಹಿತಾ ಎಂಬ ಹೆಸರಿಗೂ ಎಲ್ಲಿಂದೆಲ್ಲಿಯ ಹೋಲಿಕೆ ಎನಿಸಿ ಕೈ ನಿಂತಿತು.

ಹಾಡಿನ ತಂತಿ ನಂಗಲಿಯವರೆಗೂ ಹೋಯಿತು. ಶ್ರೀನಿವಾಸಪುರದಿಂದಲೂ ಕೇಳಿಕೊಂಡು ಬಂದರು. ಶಾಕಿರ್ ಮಾತ್ರ ಸೊರಗುತ್ತಿದ್ದ.

"ಬೇರೆ ಹಾಡು ಹಾಕಿದ್ರೆ ಬೈತಾರೆ ಮೇಡಂ. ಆ ಜೋಗುಳ ಮುಗಿಯೋ ಹೊತ್ತಿಗೆ ಬೀದಿಗೆ ಬೀದೀನೇ ಗಪ್‌ಚುಪ್. ಕೊಳಾಯಿ ಹತ್ರ ಜಗಳ ಆಡ್ತಿರೋರೂ ಬಾಯಿ ಮುಚ್ಕೊಂಡು ಕಾಯ್ತಾರೆ. ಹಗಲು ಹೊತ್ತಲ್ಲೇ ಭಯ ಆಗ್ತದೆ."

ಎಲ್ಲರಿಗಿಂತ ಹೆಚ್ಚು ಫೋನ್ ಮಾಡುತ್ತಿದ್ದವಳು ಆಂಜಿನಮ್ಮ, ಟೊಮೇಟೊ ಮಂಡಿಯಲ್ಲಿ ಹಣ್ಣು ಆರಿಸುವವಳು. ಹಿಂದಿನ ಮಳೆಗಾಲದಲ್ಲಿ ಅವಳ ಒಬ್ಬಳೇ ಮಗಳು ಮುನಿರತ್ನ ಮೆದುಳು ಜ್ವರಕ್ಕೆ ಹೋಗಿಬಿಟ್ಟಿದ್ದಳು. ಈಗ ಆಂಜಿನಮ್ಮ ಕೆಲಸಕ್ಕೂ ಹೋಗುತ್ತಿಲ್ಲ ಎಂದು ಕೇಳಿ, ಭಾರತಮ್ಮ ಒಂದು ಸಂಜೆ ಅವಳ ಮನೆ ಹುಡುಕಿಕೊಂಡು ಹೋದರು.

ಬಿಸಿಲು ಇನ್ನೂ ಇಳಿದಿರಲಿಲ್ಲ. ಆಂಜಿನಮ್ಮ ಟಿ.ವಿ. ಮುಂದೆ ಕೂತಿದ್ದಳು. ತಲೆಗೆ ಎಣ್ಣೆ ಕಂಡು ಎಷ್ಟೋ ದಿನವಾದಂತಿತ್ತು.

"ಬನ್ನಿ ಮೇಡಂ, ಕೂತ್ಕಳಿ. ಮಾತಾಡಬ್ಯಾಡಿ, ಮುಗೀತಾ ಬಂತು."

ಜೋಗುಳ ನಿಂತಿತು. "ಮುನಿರತ್ನಾ..." ಎಂದು ಕರೆಯಿತು ಆ ದನಿ. ಭಾರತಮ್ಮನಿಗೆ ಮೊದಲ ಸಲ ಹೆಸರು ಸ್ಪಷ್ಟವಾಗಿ ಕೇಳಿಸಿತ್ತು. ಅದರ ಹಿಂದೆಯೇ, ಒಳಕೋಣೆಯ ಕತ್ತಲಿನಿಂದ, ಸಣ್ಣ ಹುಡುಗಿಯೊಬ್ಬಳು ಓಗೊಟ್ಟಳು.

"ಬಂದೇ."

ಅವರು ಎದ್ದು ಕೋಣೆಯೊಳಗೆ ಇಣುಕಿದರು. ರಾಗಿ ಮೂಟೆ, ಮಡಿಸಿಟ್ಟ ಚಾಪೆ, ಅಷ್ಟೇ. ಆಂಜಿನಮ್ಮ ಅತ್ತ ತಿರುಗಿಯೂ ನೋಡಲಿಲ್ಲ. "ಮೊದಮೊದಲು ದೂರದಿಂದ ಅಂತಿದ್ಲು," ಎಂದಳು ಮೆಲ್ಲಗೆ. "ಈಗ ಹತ್ರ ಬಂದವ್ಳೆ."

ಭಾರತಮ್ಮ ಹೊರಬಿದ್ದು ನೇರ ಶಾಕಿರ್ ಅಂಗಡಿಗೆ ನಡೆದರು.

"ನಿಲ್ಲಿಸಿಬಿಡಿ ಶಾಕಿರ್ ಭಾಯ್."

ಏಕೆ ಎಂದು ಅವನು ಕೇಳಲಿಲ್ಲ. ಕ್ಯಾಸೆಟ್ ತೆಗೆದು ಟೇಪನ್ನು ಉದ್ದಕ್ಕೂ ಎಳೆದು ಕತ್ತರಿಸಿದ. "ನನ್ನ ಹೆಸರು ಹಿಡಿದು ಕರೆಯೋರು ಯಾರೂ ಉಳಿದಿಲ್ಲ ಮೇಡಂ. ಆದ್ರೂ ಪ್ರತಿ ಸಲ ತಿರುಗಿ ನೋಡ್ತಿದ್ದೆ."

ಮರುದಿನ ತರಗತಿಯಲ್ಲಿ ದೊಡ್ಡ ವಾದವೇ ನಡೆಯಿತು. "ಗ್ರಾಹಕರಿಗೆ ಬೇಕು ಮೇಡಂ, ನಮ್ಮ ಹತ್ರ ಇತ್ತು. ಕೊಡೋದ್ರಲ್ಲಿ ತಪ್ಪೇನು?" ಎಂದಳು ಸಂಹಿತಾ.

"ಬೇಕಾದ್ದು ಕೊಡೋದು ವ್ಯಾಪಾರ ಕಣಮ್ಮ. ತಗೊಂಡವರು ಅದರಿಂದ ಆಚೆ ಬರೋಕಾಗದೆ ಉಳಿದುಬಿಟ್ರೆ ಅದಕ್ಕೆ ಏನನ್ನಬೇಕೋ ಪುಸ್ತಕದಲ್ಲಿ ಇಲ್ಲ. ನನಗೂ ಗೊತ್ತಿಲ್ಲ," ಎಂದರು ಭಾರತಮ್ಮ.

ಆ ಜೋಗುಳವಿಲ್ಲದ ಮೇಲೆ ಜನ ಒಬ್ಬೊಬ್ಬರೇ ತಂತಿ ಬಿಡಿಸಿಕೊಂಡರು. ವರ್ಷ ತಿರುಗುವುದರೊಳಗೆ ಶಾಕಿರ್ ಆ ಚಾನೆಲ್ ಮುಚ್ಚಿ ಮೊಬೈಲ್ ಅಂಗಡಿ ಇಟ್ಟ. ಭಾರತಮ್ಮ ಮಾತ್ರ ಹಾಡಿನ ತಂತಿಯ ಕತೆಯನ್ನು ಪ್ರತಿ ವರ್ಷವೂ ಪಾಠ ಮಾಡಿದರು, ಅದು ಬೆಳೆದದ್ದನ್ನೂ, ನಿಂತದ್ದನ್ನೂ.

ಹಾಡು ನಿಲ್ಲಿಸಿದ ವಾರವೇ ಆಂಜಿನಮ್ಮ ಕಾಲೇಜಿನ ಗೇಟಿಗೆ ಬಂದಿದ್ದಳು. ಬೈಯಲು ಬಂದಿದ್ದಾಳೆಂದು ಭಾರತಮ್ಮ ಸಿದ್ಧವಾಗಿಯೇ ಹೋದರು.

"ಅವತ್ತು ನಿಮಗೂ ಕೇಳಿಸ್ತಾ ಮೇಡಂ? ಊರೋರೆಲ್ಲ ನಂಗೆ ತಲೆ ಕೆಟ್ಟದೆ ಅಂತವ್ರೆ."

ಇಲ್ಲ ಎನ್ನುವುದು ಸುಲಭವಿತ್ತು. ಆ ಮಾತು ನಾಲಿಗೆಯವರೆಗೂ ಬಂದಿತ್ತು.

"ಕೇಳಿಸ್ತಮ್ಮ," ಎಂದರು ಭಾರತಮ್ಮ. "ಬಂದೇ ಅಂದ್ಲು."

ಆಂಜಿನಮ್ಮ ಗೇಟಿನ ಕಂಬಿ ಹಿಡಿದು ನಿಂತು ಬಹಳ ಹೊತ್ತು ಅತ್ತಳು. ಭಾರತಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಮಂಡಿಯ ಕಡೆ ಹೋಗುವ ಆಟೊಗೆ ಕೈ ಮಾಡಿದಳು.